ಬೋರಿಂಗ್‌ಗೆ ಕೊಡೋ ಮೊದಲು ಪಿಸ್ಟನ್ ಕೈಗೆ ಬರಲಿ

ಪ್ರಶ್ನೆ: ಅಪ್ಪನ ಕಾಲದ 1984ರ ಅಂಬಾಸಿಡರ್ ಮಾರ್ಕ್ 4 ಇದೆ, ಪೆಟ್ರೋಲ್ ಗಾಡಿ. ನೀಲಿ ಹೊಗೆ ಬರುತ್ತೆ, ಏರು ಹತ್ತೋದಿಲ್ಲ, ಆಯಿಲ್ ಕುಡಿಯುತ್ತೆ. ಮೆಕ್ಯಾನಿಕ್ ಎಂಜಿನ್ ಇಳಿಸಿದ್ದಾರೆ. ಆನ್‌ಲೈನಲ್ಲಿ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಇರೋ ಫುಲ್ ಕಿಟ್ ಅಗ್ಗಕ್ಕೆ ಸಿಗುತ್ತಿದೆ. ತರಿಸಿಬಿಡಲಾ? ಇಲ್ಲಾ ಆಮೇಲಿನ ಅಂಬಾಸಿಡರ್‌ಗಳಿಗೆ ಬಂದ ಇಸುಜು ಎಂಜಿನ್ನೇ ಕೂರಿಸಲಾ?
– ಓದುಗರೊಬ್ಬರು, ಸಾಗರ

ಉತ್ತರ: ಎರಡೂ ಬೇಡ, ಸ್ವಲ್ಪ ತಡೆಯಿರಿ. ಅಳತೆ ತೆಗೆಯದೆ ಕಿಟ್ ತರಿಸೋದು ಅಂದ್ರೆ ಕಾಲು ನೋಡದೆ ಚಪ್ಪಲಿ ಕೊಂಡ ಹಾಗೆ.

ಹಳೇ ಪಿಸ್ಟನ್ ತಲೆ ಮೇಲಿನ ಕರಿ ಕೆರೆದು ನೋಡಿ. 020 ಅಂತ ಹೊಡೆದಿದ್ದರೆ ಈ ಎಂಜಿನ್ ಆಗಲೇ ಒಂದು ಸಲ 20 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ), ಅಂದರೆ ಸುಮಾರು ಅರ್ಧ ಮಿಲಿಮೀಟರ್, ಬೋರ್ ಆಗಿದೆ, ಸಿಲಿಂಡರನ್ನು ಅಷ್ಟು ಕೊರೆದು ಅಗಲ ಮಾಡಿದ್ದಾರೆ ಅಂತ ಅರ್ಥ. ಬೇರಿಂಗ್ ಬೆನ್ನಿನ ಮೇಲೂ ಹೀಗೇ ಸೈಜ್ ಇರುತ್ತೆ, ಅದು ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಕತೆ ಹೇಳುತ್ತೆ. ಆಮೇಲೆ ಲೇತ್‌ನವರ ಹತ್ತಿರ ನಾಲ್ಕೂ ಸಿಲಿಂಡರಿನ ಬೋರ್ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳತೆ ತೆಗೆಸಿ. ಮುಂದಿನ ಸೈಜ್ ಎಷ್ಟು ಅಂತ ಗೊತ್ತಾದ ಮೇಲೆ ಆ ಸೈಜಿನ ಪಿಸ್ಟನ್ ಹುಡುಕಿ, ಕೈಗೆ ಬಂದ ಮೇಲಷ್ಟೇ ಬ್ಲಾಕ್ ಜೊತೆ ಅದನ್ನೂ ಕೊಟ್ಟು ಅದರ ಅಳತೆಗೆ ಬೋರ್ ಮಾಡಿ ಅನ್ನಿ. ನಾನು ಒಮ್ಮೆ ಉಲ್ಟಾ ಮಾಡಿದ್ದೆ. 30 ಥೌಗೆ ಬೋರ್ ಮಾಡಿಸಿ ಬೆಂಗಳೂರಿನ ಜೆ.ಸಿ. ರಸ್ತೆ ಪೂರ್ತಿ ಅಲೆದೆ, ಸಿಕ್ಕಿದ್ದು 40 ಮಾತ್ರ. ಮತ್ತೆ ಬೋರಿಂಗ್, ಮತ್ತೆ ದುಡ್ಡು, ಜೊತೆಗೆ ಮುಂದೊಂದು ಸಲಕ್ಕೆ ಉಳಿಯಬೇಕಿದ್ದ ಕಬ್ಬಿಣವೂ ಹೋಯ್ತು. ಕ್ರ್ಯಾಂಕ್ ಗ್ರೈಂಡಿಂಗ್‌ಗೂ ಇದೇ ಮಾತು, ಬೇರಿಂಗ್ ಸೆಟ್ ಮೊದಲು.

ಅಂಗಡಿಯಲ್ಲಿ "ಅಂಬಾಸಿಡರ್, 1489 ಸಿಸಿ" ಅಂದ್ರೆ ಸಾಲದು. ಡೀಸೆಲ್ ಅಂಬಾಸಿಡರಿನದೂ 1489 ಸಿಸಿಯೇ, ಆದರೆ ಆ ಪಿಸ್ಟನ್ ಇದಕ್ಕೆ ಆಗಲ್ಲ. ಹಳೇದೊಂದನ್ನು ಜೇಬಲ್ಲಿ ಹಾಕ್ಕೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡಿ. ಹಳೇ ಸ್ಟಾಕ್ ಸಿಕ್ಕರೆ ಬಿಡಬೇಡಿ, ಡಬ್ಬ ಹರಿದಿದ್ದರೂ ಪರವಾಗಿಲ್ಲ. ಹೊಸ ಪಿಸ್ಟನ್ ನಾಲ್ಕನ್ನೂ ತಕ್ಕಡಿಗೆ ಹಾಕಿ, ತೂಕದಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೆ ವಾಪಸ್ ಕೊಡಿ.

ದುಡ್ಡು ಉಳಿಸಬಾರದ ಜಾಗ ಅಂದ್ರೆ ಬೇರಿಂಗ್, ರಿಂಗ್, ಹೆಡ್ ಪ್ಯಾಕಿಂಗ್, ಟೈಮಿಂಗ್ ಚೈನ್. ಕ್ಯಾಮ್ (ವಾಲ್ವ್ ತೆರೆಸುವ ದಂಡ) ಹೊಸದು ಹಾಕಿಸಿದರೆ ಅದರ ಮೇಲೆ ಉಜ್ಜುತ್ತಾ ಏರಿಳಿಯುವ ಟ್ಯಾಪೆಟ್ ಕೂಡ ಹೊಸದೇ ಇರಲಿ, ಸವೆದದ್ದನ್ನು ಕೂರಿಸಿದರೆ ಹೊಸ ಕ್ಯಾಮನ್ನೂ ತಿಂದುಹಾಕುತ್ತೆ. ರಾಕರ್ ಕವರ್, ಸಂಪ್, ಮ್ಯಾನಿಫೋಲ್ಡ್ ಎಲ್ಲ ಗುಜರಿಯದಾದರೂ ನಡೆಯುತ್ತೆ.

ಹೆಡ್ ಬಿಚ್ಚಿದಾಗ ಇನ್ನೊಂದು ಕೆಲಸ ಮಾಡಿಸಿ. ಈ ಎಂಜಿನ್ ಸೀಸ ಬೆರೆತ ಪೆಟ್ರೋಲ್ ಕಾಲದ್ದು, ದೇಶದಲ್ಲಿ ಆ ಪೆಟ್ರೋಲ್ 2000ದಲ್ಲೇ ನಿಂತಿದೆ. ವಾಲ್ವ್ ಸೀಟ್ ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ, ಹಾಗಾಗಿ ಎಕ್ಸಾಸ್ಟ್ ವಾಲ್ವ್‌ಗೆ ಗಟ್ಟಿ ಸೀಟ್ ಹೊಡೆಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತೆ, ಹಾಗಾಗಿ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಎರಡನ್ನೂ ಎಥನಾಲ್ ತಡೆಯುವಂಥದ್ದೇ ಕೇಳಿ ತನ್ನಿ.

ಇಸುಜು? ಒಳ್ಳೇ ಎಂಜಿನ್ನೇ. ಆದರೆ ಎಂಜಿನ್ ನಂಬರ್ ಬದಲಾದರೆ ಆರ್‌ಟಿಓ ಓಡಾಟ ಇದೆ, ಮೇಲಾಗಿ ಅಪ್ಪನ ಗಾಡಿಯ ಸದ್ದೇ ಹೋಗುತ್ತಲ್ವಾ?

ಪ್ರಶ್ನೆ: ನನ್ನ ಅಂಬಾಸಿಡರ್ ಎಂಜಿನ್ ಕಟ್ಟಿಸಿ ಆರು ತಿಂಗಳಾಯ್ತು. ಗೇರ್‌ಬಾಕ್ಸ್ ಸೇರೋ ಕಡೆ ಆಯಿಲ್ ತೊಟ್ಟಿಕ್ಕುತ್ತೆ. ಆ ಸೀಲ್ ಎಲ್ಲೂ ಸಿಗ್ತಿಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ಸಿಗಲ್ಲ, ಯಾಕಂದ್ರೆ ಅಂಬಾಸಿಡರಿನ ಹಳೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ನಿನ ಆ ಜಾಗದಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕ್ ಮೇಲಿನ ತಿರುಪಿನಂಥ ಗೀರು ಆಯಿಲನ್ನು ಒಳಕ್ಕೆ ತಳ್ಳುತ್ತೆ, ಅಷ್ಟೇ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದೆಯಾ ನೋಡಿ, ಒಳಗೆ ಒತ್ತಡ ಏರಿದರೆ ಸೋರಿಕೆ ಹೆಚ್ಚುತ್ತೆ. ರಾತ್ರಿ ಕೆಳಗೊಂದು ರಟ್ಟು ಹಾಕಿಡಿ. ಬೆಳಿಗ್ಗೆ ನಾಣ್ಯದಷ್ಟು ಕಲೆ ಇದ್ದರೆ ಸುಮ್ನಿರಿ, ಅಂಗೈ ಅಗಲ ಇದ್ದರೆ ಮತ್ತೆ ಬರೆಯಿರಿ.