ಅಂಡಮಾನ್‌ನಿಂದ ಮಲಕ್ಕಾ ಬಂದ್ ಮಾಡಿ ಚೀನಾವನ್ನು ಬಗ್ಗಿಸಬಹುದೇ?

ಯುದ್ಧ ಬಂದರೆ ಮಲೇಷ್ಯಾ ಮತ್ತು ಸುಮಾತ್ರಾ ನಡುವಿನ ಮಲಕ್ಕಾ ಜಲಸಂಧಿ ಮುಚ್ಚಿ ಚೀನಾಕ್ಕೆ ಎಣ್ಣೆ ಹೋಗದಂತೆ ಮಾಡಬಹುದಲ್ಲ ಅಂತ ಕೇಳಿದ್ದೀರಿ. ಭೂಪಟ ಮುಂದಿಟ್ಟುಕೊಂಡು ನಾನೂ ಹೀಗೇ ವಾದಿಸುತ್ತಿದ್ದವನು. ಸಿಂಗಪುರದ ಹತ್ತಿರ ಫಿಲಿಪ್ಸ್ ಚಾನೆಲ್‌ನಲ್ಲಿ ದಾರಿಯ ಅಗಲ ಮೂರು ಕಿಲೋಮೀಟರ್ ಕೂಡ ಇಲ್ಲ. ಈಚೆ ನಿಕೋಬಾರ್‌ನ ದಕ್ಷಿಣ ತುದಿಯಾದ ನಮ್ಮ ಇಂದಿರಾ ಪಾಯಿಂಟ್‌ನಿಂದ ಸುಮಾತ್ರಾ ಕಡೆಗೆ 200 ಕಿ.ಮೀ.ಗಿಂತ ಕಡಿಮೆ. ನೋಡಿದವರಿಗೆ ಆಸೆ ಹುಟ್ಟುವುದು ಸಹಜವೇ.

ಜಲಸಂಧಿಯನ್ನು ತಿರುಗಿಸಿದರೆ ನಿಲ್ಲುವ ನಲ್ಲಿ ಅಂದುಕೊಳ್ಳುವುದರಲ್ಲೇ ಎಡವಟ್ಟಾಗುವುದು. ಅಲ್ಲಿ ದಿನಕ್ಕೆ 200ಕ್ಕೂ ಹೆಚ್ಚು ಹಡಗು ಓಡಾಡುತ್ತವೆ. ಅವುಗಳಲ್ಲಿ ಚೀನಾದ್ದು ಯಾವುದು? 20 ಲಕ್ಷ ಬ್ಯಾರೆಲ್ ಹೊತ್ತ ಒಂದು ಟ್ಯಾಂಕರ್ ತೆಗೆದುಕೊಳ್ಳಿ. ಬಾವುಟ ಲೈಬೀರಿಯಾದ್ದು, ಮಾಲೀಕ ಗ್ರೀಕ್, ವಿಮೆ ಲಂಡನ್‌ನಲ್ಲಿ, ಸಿಬ್ಬಂದಿಯಲ್ಲಿ ಅರ್ಧ ನಮ್ಮವರೇ ಇರಬಹುದು. ಸರಕು ನಡುದಾರಿಯಲ್ಲೇ ಮಾರಾಟವಾಗಿ, ಕೊರಿಯಾಕ್ಕೆಂದು ಹೊರಟದ್ದು ಚೀನಾದ ನಿಂಗ್ಬೊ ಬಂದರು ಸೇರಬಹುದು. ತಪಾಸಣೆಗೆ ಯುದ್ಧನೌಕೆ ಹತ್ತಿರ ಹೋಗಬೇಕು, ತಂಡ ಹೆಲಿಕಾಪ್ಟರ್‌ನಿಂದ ಇಳಿಯಬೇಕು ಇಲ್ಲವೇ ದೋಣಿಯಿಂದ ಹತ್ತಬೇಕು, ಬಿಲ್ ಆಫ್ ಲೇಡಿಂಗ್ (ಸರಕಿನ ದಾಖಲೆಪತ್ರ) ತೆಗೆಸಿ ನೋಡಬೇಕು. ತುಂಬಿದ ಟ್ಯಾಂಕರ್ ಎಂಜಿನ್ ನಿಲ್ಲಿಸಿದ ಮೇಲೂ ಕಿಲೋಮೀಟರ್‌ಗಟ್ಟಲೆ ಮುಂದೆ ಸಾಗುತ್ತಲೇ ಇರುತ್ತದೆ. ಹಿಡಿದಿರಿ ಅನ್ನಿ, ಲಂಗರು ಎಲ್ಲಿ ಹಾಕಿಸುತ್ತೀರಿ? ನೀರಿನೊಳಗೇ 20 ಮೀಟರ್ ಇಳಿದಿರುವ ಹಡಗದು. ಕಾವಲು ಬೇಕು, ಸಿಬ್ಬಂದಿಗೆ ಊಟ ಬೇಕು, ಎಣ್ಣೆ ಸೋರಿದರೆ ಹೊಣೆ ನಿಮ್ಮದೇ. ಇದೆಲ್ಲ ಒಂದೇ ಹಡಗಿನ ಉಸಾಬರಿ.

ಅಷ್ಟೆಲ್ಲ ಮಾಡಿ ಬಂದ್ ಮಾಡಿದರೂ ಬೇರೆ ದಾರಿಗಳಿವೆ. ಇಂಡೋನೇಷ್ಯಾದ ಸುಂಡಾ ಜಲಸಂಧಿಯಲ್ಲಿ ಆಳ ಕಡಿಮೆ, ದೊಡ್ಡ ಟ್ಯಾಂಕರ್‌ಗೆ ಆಗದು. ಅಲ್ಲಿಯದೇ ಲೊಂಬೊಕ್ ಜಲಸಂಧಿ ಆಳವಾಗಿದೆ, ಅಲ್ಲಿಂದ ಮಕಾಸರ್ ಜಲಸಂಧಿ ಮೂಲಕ ಹೋದರೆ ಕೆಲವು ದಿನ ತಡ, ಖರ್ಚು ಒಂದಿಷ್ಟು ಜಾಸ್ತಿ. (ಮ್ಯಾನ್ಮಾರ್‌ನಿಂದ ಚೀನಾದ ಯುನ್ನಾನ್ ಪ್ರಾಂತ್ಯಕ್ಕೆ 2017ರಲ್ಲಿ ಶುರುವಾದ ಎಣ್ಣೆ ಕೊಳವೆಮಾರ್ಗದ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಅದರ ಸಾಮರ್ಥ್ಯ ವರ್ಷಕ್ಕೆ 2.2 ಕೋಟಿ ಟನ್. ಚೀನಾದ ಹಸಿವಿಗೆ ಅದು ಯಾವ ಮೂಲೆಗೆ?) ಅಷ್ಟರಲ್ಲಿ ಮೊದಲು ಬೊಬ್ಬೆ ಹಾಕುವುದು ಜಪಾನ್. ಅವರ ಎಣ್ಣೆಯೂ ಇದೇ ದಾರಿಯಲ್ಲಿ ಬರುವುದು, ನಾಲ್ಕು ದೇಶಗಳ ಕೂಟವಾದ ಕ್ವಾಡ್‌ನಲ್ಲಿ ನಮ್ಮ ಪಕ್ಕ ಕೂರುವುದೂ ಅವರೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ನಿಕೋಬಾರ್‌ನ ಬೆಲೆ ಇರುವುದು ಕಣ್ಣಿಡುವುದರಲ್ಲಿ. ಮಲಕ್ಕಾದಲ್ಲಿ ಆಳ ಕಡಿಮೆ, ದಟ್ಟಣೆ ಹೆಚ್ಚು. ಚೀನಾದ್ದಾಗಲಿ ಬೇರೆಯವರದ್ದಾಗಲಿ, ಜಲಾಂತರ್ಗಾಮಿಗಳು ಸಾಮಾನ್ಯವಾಗಿ ನೀರಿನ ಮೇಲೆ ಬಂದೇ ದಾಟುತ್ತವೆ. ಅಲ್ಲಿ ಗುರುತು ಸಿಕ್ಕರೆ ಮುಂದೆ ಬಂಗಾಳಕೊಲ್ಲಿಯಲ್ಲಿ ನಮ್ಮ ನೌಕಾಪಡೆಯ ಜಲಾಂತರ್ಗಾಮಿ ಬೇಟೆಯ ವಿಮಾನ ಪಿ-8ಐ ಬೆನ್ನು ಹತ್ತಬಹುದು, ಒಮ್ಮೆ ಮುಳುಗಿದ ಮೇಲೆ ಹುಡುಕುವುದು ಹತ್ತು ಪಟ್ಟು ಕಷ್ಟ. ಆದರೆ 2012ರಲ್ಲಿ ನಿಕೋಬಾರ್‌ನ ಕ್ಯಾಂಪ್‌ಬೆಲ್ ಬೇಯಲ್ಲಿ ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಬಾಜ್ ಶುರುವಾದಾಗ ಇದ್ದ ರನ್‌ವೇ ಸುಮಾರು 3,500 ಅಡಿ. ಸಣ್ಣ ಗಸ್ತು ವಿಮಾನ ಡಾರ್ನಿಯರ್‌ಗೆ ಸಾಕು, ಪಿ-8ಐಗೆ ಸಾಲದು. ನೌಕಾಪಡೆಯ ಬಜೆಟ್ ಬಗ್ಗೆ ಜಗಳ ಆಡುವುದಿದ್ದರೆ ಉದ್ದದ ರನ್‌ವೇ, ಇಂಧನ ಟ್ಯಾಂಕ್, ಸೊನೊಬಾಯ್ (ಜಲಾಂತರ್ಗಾಮಿಯ ಸದ್ದು ಹಿಡಿಯಲು ನೀರಿಗೆ ಬಿಡುವ ತೇಲುಯಂತ್ರ) ದಾಸ್ತಾನು, ಇವುಗಳಿಗಾಗಿ ಆಡಿ.