ರೊಟ್ಟಿಯಲ್ಲಿಲ್ಲದ ಉಪ್ಪು

ಪ್ರಶ್ನೆ: ನನಗೆ 48 ವರ್ಷ. ಗದಗಿನಲ್ಲಿ ಬಟ್ಟೆ ಅಂಗಡಿಯಿದೆ. ದಿನವಿಡೀ ಗಲ್ಲಾದ ಮೇಲೆ ಕುಳಿತೇ ಇರುತ್ತೇನೆ. ತಂದೆಯವರು 53ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಕಳೆದ ತಿಂಗಳು ಎರಡು ಬಾರಿ ನೋಡಿಸಿದಾಗಲೂ ನನ್ನ ಬಿಪಿ 150/96ರ ಆಸುಪಾಸಿನಲ್ಲಿತ್ತು. ವೈದ್ಯರು ಮಾತ್ರೆ ಬರೆದಿದ್ದಾರೆ. ಎರಡು ಹೊತ್ತೂ ಜೋಳದ ರೊಟ್ಟಿಯನ್ನೇ ಉಣ್ಣುವ ನನಗೆ ಹೀಗೇಕಾಯಿತು? ಊಟವಾದ ಮೇಲೆ ತಂಬಾಕು ಹಾಕಿಕೊಳ್ಳುತ್ತೇನೆ, ಆದರೆ ಸಿಗರೇಟು ಮುಟ್ಟುವುದಿಲ್ಲ. ಮಾತ್ರೆಯಿಲ್ಲದೆ ನಡಿಗೆಯಿಂದಲೇ ಸರಿಪಡಿಸಿಕೊಳ್ಳಬಹುದೇ?
– ಓದುಗರು, ಗದಗ

ಉತ್ತರ: ಸಿಗರೇಟು ಮುಟ್ಟುವುದಿಲ್ಲವೆಂದು ನೀವು ಸಮಾಧಾನಕ್ಕೆ ಬರೆದ ಮಾತೇ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದೆ. ಹೊಗೆಯಿಲ್ಲದ ತಂಬಾಕಿನಲ್ಲಿಯೂ ನಿಕೋಟಿನ್ ಇದ್ದೇ ಇರುತ್ತದೆ. ಅದು ಬಾಯಿಯ ಒಳಪದರದಿಂದ ನೇರವಾಗಿ ರಕ್ತಕ್ಕೆ ಸೇರಿ, ರಕ್ತನಾಳಗಳನ್ನು ಬಿಗಿಗೊಳಿಸಿ, ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ತಂದೆಗೆ 55 ವರ್ಷದೊಳಗೆ ಹೃದಯರೋಗ ಬಂದಿದ್ದರೆ ಮಕ್ಕಳಿಗೆ ಅಪಾಯ ಹೆಚ್ಚೆಂದೇ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ಮೊದಲು ತಂಬಾಕನ್ನು ಬಿಡಿ. ಒಬ್ಬರೇ ಬಿಡಲು ಕಷ್ಟವಾದರೆ 1800-112-356 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಿ.

ಜೋಳದ ರೊಟ್ಟಿಯ ಬಗ್ಗೆ ನಿಮಗಿರುವ ಅಭಿಮಾನ ಸರಿಯಾದದ್ದೇ. ಅದರಲ್ಲಿ ನಾರಿನಂಶವಿದೆ, ಹಿಟ್ಟು ನಾದುವಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಉಪ್ಪನ್ನೂ ಹಾಕುವುದಿಲ್ಲ. ಆದರೆ ರೊಟ್ಟಿಯಲ್ಲಿಲ್ಲದ ಉಪ್ಪು ತಾಟಿನ ಅಂಚಿನಲ್ಲಿ ಬಂದು ಕೂಡುತ್ತದೆ: ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ರಂಜಕ, ಹಪ್ಪಳ, ಸಂಜೆಯಾದರೆ ಗಿರ್ಮಿಟ್ಟಿನ ಜೊತೆ ಮಿರ್ಚಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಅಳೆಯಲು ಒಂದು ಸುಲಭ ಉಪಾಯವಿದೆ: ಉಪ್ಪಿನ ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ನಾಲ್ಕು ಜನರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು ಕನಿಷ್ಠ 50 ದಿನ ಬರಬೇಕು. ಹೊರಗೆ ತಿನ್ನುವ ಉಪ್ಪು ಬೇರೆ ಇರುವುದರಿಂದ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ಸೈಂಧವ ಲವಣಕ್ಕೆ ಬದಲಾಯಿಸಿದರೆ ಪ್ರಯೋಜನವಿಲ್ಲ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಉಪ್ಪಿನಕಾಯಿಯ ಜಾಗದಲ್ಲಿ ಹಸಿ ಸೌತೆಕಾಯಿ, ಹಕ್ಕರಕಿ, ಮೆಂತ್ಯ ಸೊಪ್ಪು ಬರಲಿ; ಮಡಕಿಕಾಳು, ಹೆಸರುಕಾಳಿನ ಪಲ್ಯ ಹೆಚ್ಚಲಿ.

ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಾಗಿ ನಡೆಯಿರಿ. ಅಂಗಡಿ ತೆರೆಯುವ ಮುನ್ನ ಭೀಷ್ಮಕೆರೆಯ ಕಡೆಗೆ ಹೋದರೂ ಆಯಿತು. ನಡುವೆ ಗಲ್ಲಾ ಬಿಟ್ಟು ಏಳುವುದನ್ನೂ ರೂಢಿಸಿಕೊಳ್ಳಿ.

ಆದರೆ ಇವೆಲ್ಲವೂ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ. ಕೆಲವು ತಿಂಗಳ ನಂತರ ಒತ್ತಡ ಹತೋಟಿಗೆ ಬಂದರೆ ಪ್ರಮಾಣವನ್ನು ತಗ್ಗಿಸಬೇಕೋ ಬೇಡವೋ ಎಂಬುದನ್ನು ನಿಮ್ಮ ವೈದ್ಯರು ತೀರ್ಮಾನಿಸಲಿ. ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಎದೆ ಬಿಗಿದಂತಾಗಿ, ನೋವು ತೋಳಿಗೋ ದವಡೆಗೋ ಹರಿದು, ಬೆವರು ಬಂದರೆ, ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗದೆ ತಕ್ಷಣ 108ಕ್ಕೆ ಕರೆ ಮಾಡಿ. ಇದನ್ನು ನಿಮ್ಮ ಮನೆಯವರಿಗೂ ಅಂಗಡಿಯ ಹುಡುಗರಿಗೂ ಇಂದೇ ಹೇಳಿಡಿ.