ಪೂರ್ತಿ ಖಾತ್ರಿಯಾಗೋವರೆಗೂ ಕಾಯಬೇಕಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಈಗಿನ ಕೆಲಸ ಬಿಟ್ಟು ಬೇರೆ ಕಡೆ ಸೇರಲೋ ಬೇಡವೋ ಅಂತ ತಿಂಗಳುಗಟ್ಟಲೆ ಒದ್ದಾಡುತ್ತಿದ್ದೇನೆ. ಗೊತ್ತಿರುವವರನ್ನೆಲ್ಲ ಕೇಳಿದೆ, ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿದೆ, ಲಾಭ ನಷ್ಟದ ಪಟ್ಟಿಯನ್ನೂ ಮಾಡಿದೆ. ಪೂರ್ತಿ ಖಾತ್ರಿಯಾದ ಮೇಲೆ ನಿರ್ಧಾರ ಮಾಡೋಣ ಅಂದುಕೊಂಡರೆ ಆ ದಿನ ಬರುತ್ತಲೇ ಇಲ್ಲ. ಏನು ಮಾಡಲಿ?
(ಹೆಸರು ಬೇಡ)

ಉತ್ತರ: ಆ ದಿನ ಬರುವುದಿಲ್ಲ. ಹೊಸ ಜಾಗದ ಮೇಲಧಿಕಾರಿ ಹೇಗಿರುತ್ತಾರೆ, ಆ ಕಂಪನಿ ಇನ್ನೈದು ವರ್ಷ ನಡೆಯುತ್ತದೋ ಇಲ್ಲವೋ, ನಿಮಗೇ ಆ ಕೆಲಸ ಬೇಜಾರಾಗಿಬಿಡುತ್ತದೋ ಏನೋ, ಇದನ್ನೆಲ್ಲ ಯಾವ ಪಟ್ಟಿಯೂ ಹೇಳುವುದಿಲ್ಲ. ಹಾಗೆ ನೋಡಿದರೆ ಈಗಿರುವ ಕೆಲಸದ ಬಗ್ಗೆಯೂ ಇದ್ಯಾವುದೂ ನಿಮಗೆ ಗೊತ್ತಿಲ್ಲ, ಅಲ್ವಾ? ದಿನಾ ನೋಡುತ್ತಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಅದು ಗಟ್ಟಿ ನೆಲ ಅನಿಸುತ್ತಿದೆ.

ಗೊತ್ತಿಲ್ಲದಿರುವುದು ಎಷ್ಟು ಹಿಂಸೆ ಅನ್ನುವುದಕ್ಕೆ ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದು ಇದು. 45 ಜನರಿಗೆ ಒಂದು ಕಂಪ್ಯೂಟರ್ ಆಟ ಕೊಟ್ಟರು. ಪರದೆಯ ಮೇಲೆ ಕಾಣುವ ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು, ಹಾವಿದ್ದರೆ ಕೈಗೆ ನೋವಾಗುವಂಥ ಕರೆಂಟ್ ಶಾಕ್. ಆಡುವಾಗ ಅವರ ಬೆವರು, ಕಣ್ಣಿನ ಪಾಪೆ ಎಲ್ಲವನ್ನೂ ಅಳೆದರು. ಶಾಕ್ ಗ್ಯಾರಂಟಿ ಅಂತ ಗೊತ್ತಿದ್ದಾಗ ಒತ್ತಡ ಜಾಸ್ತಿ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಹೊಡೆದರೂ ಹೊಡೆಯಬಹುದು, ಇಲ್ಲದಿದ್ದರೂ ಇಲ್ಲ ಅನ್ನುವ ಅರ್ಧಕ್ಕರ್ಧ ಸ್ಥಿತಿಯಲ್ಲೇ ಜನ ಎಲ್ಲಕ್ಕಿಂತ ಹೆಚ್ಚು ಕಂಗಾಲಾಗಿದ್ದರು. ಕೆಟ್ಟದ್ದು ಖಂಡಿತ ಅಂದರೆ ಮನಸ್ಸು ಹೇಗೋ ಸಜ್ಜಾಗುತ್ತದೆ, ಏನೋ ಗೊತ್ತಿಲ್ಲ ಅಂದರೆ ಒದ್ದಾಡುತ್ತದೆ. ಅದೇ ಪ್ರಯೋಗದಲ್ಲಿ ನನಗೆ ಇನ್ನೂ ಇಷ್ಟವಾದ ಸಂಗತಿ ಇನ್ನೊಂದು: ಯಾರ ಒತ್ತಡ ಈ ಅನಿಶ್ಚಿತತೆಯ ಜೊತೆಜೊತೆಗೇ ಏರಿಳಿಯುತ್ತಿತ್ತೋ ಅವರ ಊಹೆ ಉಳಿದವರಿಗಿಂತ ಚೆನ್ನಾಗಿತ್ತು. ಅಂದರೆ ಹೊಟ್ಟೆಯೊಳಗಿನ ಆ ತಳಮಳ ಪೂರ್ತಿ ದಂಡವಲ್ಲ. ಅದಕ್ಕೂ ಒಂದು ಕೆಲಸ ಇದೆ, ನಿಮ್ಮನ್ನು ಎಚ್ಚರವಾಗಿಡುವುದು. ಅದು ಹೋದ ಮೇಲೇ ಹೆಜ್ಜೆ ಇಡುತ್ತೇನೆ ಅಂತ ಕೂತರೆ ಮಾತ್ರ ಕಷ್ಟ.

1990ರ ದಶಕದಲ್ಲಿ ಕೆನಡಾದ ಕೆಲವು ಮನೋವಿಜ್ಞಾನಿಗಳು ಅತಿಯಾಗಿ ಚಿಂತೆ ಮಾಡುವವರನ್ನು ಗಮನಿಸುತ್ತಾ ಹೋದಾಗ ಅವರಿಗೆ ಕಂಡಿದ್ದು ಇಂಥದ್ದೇ. ಇವರಲ್ಲಿ ಅನಿಶ್ಚಿತತೆಯ ಬಗ್ಗೆಯೇ ಒಂದು ನಂಬಿಕೆ ಗಟ್ಟಿಯಾಗಿ ಕೂತಿರುತ್ತದೆ. ಮುಂದೇನು ಅಂತ ಗೊತ್ತಿಲ್ಲದಿದ್ದರೆ ಅನಾಹುತವೇ ಆಗುತ್ತದೆ, ಹಾಗೇನಾದರೂ ಆಗಿಬಿಟ್ಟರೆ ನನ್ನಿಂದ ತಡೆದುಕೊಳ್ಳಲು ಆಗುವುದೇ ಇಲ್ಲ ಅಂತ. ನೀವು ಪ್ರಶ್ನೆ ಮಾಡಬೇಕಾಗಿರುವುದು ಇದನ್ನೇ, ಕೆಲಸವನ್ನಲ್ಲ. ಈ ನಂಬಿಕೆ ನಿಜವಾ? ಇದುವರೆಗೆ ಗೊತ್ತಿಲ್ಲದೇ ಇಳಿದ ಎಷ್ಟು ವಿಷಯ ನೆಟ್ಟಗೆ ನಡೆದಿದೆ? ನೆಟ್ಟಗೆ ನಡೆಯದಾಗ ನೀವು ಹೇಗೋ ಸಂಭಾಳಿಸಿಕೊಂಡು ಇಲ್ಲಿಯವರೆಗೆ ಬಂದಿಲ್ವಾ?

ಹತ್ತು ಜನರನ್ನು ಕೇಳುವುದಿದೆಯಲ್ಲ, ಅದು ತುರಿಕೆಗೆ ಕೆರೆದುಕೊಂಡ ಹಾಗೆ. ಕೆರೆಯುವಾಗ ಹಿತ, ಆಮೇಲೆ ಉರಿ. ಒಬ್ಬರು "ಸೇರಿಬಿಡು" ಅಂದಾಗ ಅರ್ಧ ಗಂಟೆ ನಿರಾಳ, ಇನ್ನೊಬ್ಬರು "ಯೋಚನೆ ಮಾಡು" ಅಂದ ಕೂಡಲೇ ಮತ್ತೆ ಮೊದಲಿನಿಂದ ಶುರು.

ಹಾಗಾಗಿ ದೊಡ್ಡ ನಿರ್ಧಾರವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಚಿಕ್ಕದರಲ್ಲಿ ಅಭ್ಯಾಸ ಮಾಡಿ. ಒಂದು ಇಮೇಲನ್ನು ಮತ್ತೆ ಮತ್ತೆ ಓದದೆ ಕಳಿಸಿ. ಒಂದು ವಸ್ತುವನ್ನು ಯಾರ ಅಭಿಪ್ರಾಯವನ್ನೂ ನೋಡದೆ ಕೊಂಡುಕೊಳ್ಳಿ. ಮಾಡುವ ಮೊದಲು ಏನು ಕೆಟ್ಟದಾಗುತ್ತದೆ ಅಂತ ನಿಮ್ಮ ಮನಸ್ಸು ಹೇಳುತ್ತಿದೆಯೋ ಅದನ್ನು ಒಂದು ಸಾಲು ಬರೆದಿಡಿ, ವಾರದ ಮೇಲೆ ಏನಾಯಿತು ಅಂತ ಅದರ ಪಕ್ಕದಲ್ಲೇ ಬರೆಯಿರಿ. ಬರೆಯಲೇಬೇಕು. ಬರೆಯದಿದ್ದರೆ ಮನಸ್ಸು ಆಮೇಲೆ "ನಾನು ಹಾಗೆ ಹೇಳೇ ಇರಲಿಲ್ಲ" ಅಂತ ಜಾರಿಕೊಳ್ಳುತ್ತದೆ. ಆಮೇಲೆ ಕೆಲಸದ ವಿಷಯಕ್ಕೆ ಒಂದು ತಾರೀಕು ಗೊತ್ತು ಮಾಡಿ, ಆವತ್ತು ಗೊತ್ತಿರುವಷ್ಟರ ಮೇಲೆ ತೀರ್ಮಾನ ಮಾಡಿ. ಅದು ತಪ್ಪಾದರೂ ಆಗಬಹುದು. ನಾನು ಇಲ್ಲಿ ಕೂತು ಆಗಲ್ಲ ಅಂತ ಭರವಸೆ ಕೊಟ್ಟರೆ ನೀವು ಕೇಳಿದ ಜನರ ಪಟ್ಟಿಗೆ ನಾನೂ ಒಬ್ಬಳು ಸೇರಿಕೊಂಡ ಹಾಗಾಗುತ್ತದೆ, ಅಷ್ಟೇ.

ಪ್ರಶ್ನೆ: ಚಿಕ್ಕಂದಿನಿಂದ ನಂಬಿಕೊಂಡು ಬಂದ ಕೆಲವು ವಿಷಯಗಳ ಬಗ್ಗೆ ಈಗ ಅನುಮಾನ ಬರುತ್ತಿದೆ. ಬಾಯಿಬಿಟ್ಟು ಹೇಳಿದರೆ ಮನೆಯವರು ಇದು ಅಹಂಕಾರ ಅನ್ನುತ್ತಾರೆ. ನನಗೂ ಅಪರಾಧಿ ಭಾವ. ಪ್ರಶ್ನೆ ಮಾಡುವುದಾದರೂ ಹೇಗೆ?
(ಒಬ್ಬ ಓದುಗ)

ಉತ್ತರ: ಅನುಮಾನ ಬಂದ ತಕ್ಷಣ ಹಳೆಯದನ್ನೆಲ್ಲ ಎಸೆದುಬಿಡಬೇಕು ಅಂತೇನಿಲ್ಲ, ಎಲ್ಲರ ಮುಂದೆ ಸಾರಬೇಕು ಅಂತಲೂ ಇಲ್ಲ. ಪರೀಕ್ಷೆ ಮಾಡಿ ನೋಡಿದ ಮೇಲೂ ಎಷ್ಟೋ ನಂಬಿಕೆಗಳು ಉಳಿದುಕೊಳ್ಳುತ್ತವೆ, ಆಗ ಅವು ನಿಜವಾಗಿ ನಿಮ್ಮವಾಗಿರುತ್ತವೆ.

ಹೇಗೆ ಅಂತ ಕೇಳಿದ್ದೀರಿ. ಅದಕ್ಕೆ 1960ರಲ್ಲಿ ಪೀಟರ್ ವೇಸನ್ ಅನ್ನುವ ಮನೋವಿಜ್ಞಾನಿ ಮಾಡಿದ ಒಂದು ಪರೀಕ್ಷೆ ನೋಡಿ. 2, 4, 6 ಅಂತ ಮೂರು ಅಂಕಿ ಕೊಟ್ಟು, ಇದರ ಹಿಂದೆ ಒಂದು ನಿಯಮ ಇದೆ, ನೀವೇ ಮೂರು ಮೂರು ಅಂಕಿ ಹೇಳುತ್ತಾ ಅದನ್ನು ಕಂಡುಹಿಡಿಯಿರಿ ಅಂದರು. ಸಾಮಾನ್ಯವಾಗಿ ಜನ 8, 10, 12 ಅನ್ನುತ್ತಾರೆ. ಸರಿ. 20, 22, 24 ಅನ್ನುತ್ತಾರೆ. ಅದೂ ಸರಿ. ಎರಡೆರಡು ಸೇರಿಸುತ್ತಾ ಹೋಗುವುದೇ ನಿಯಮ ಅಂತ ಖುಷಿಯಿಂದ ಹೇಳಿಬಿಡುತ್ತಾರೆ, ಅಲ್ಲೇ ಸೋಲುತ್ತಾರೆ. ನಿಯಮ ಇದ್ದಿದ್ದು ಅಂಕಿಗಳು ಏರುತ್ತಾ ಹೋಗಬೇಕು ಅಂತ ಮಾತ್ರ. 1, 7, 50 ಅಂದಿದ್ದರೂ ಸರಿಯೇ! ತಮ್ಮ ಊಹೆಗೆ ಒಪ್ಪುವುದನ್ನೇ ಕೇಳುತ್ತಾ ಹೋದವರಿಗೆ ಪ್ರತಿ ಸಲವೂ "ಸರಿ" ಅಂತಲೇ ಉತ್ತರ ಸಿಕ್ಕಿತು. ನಾವೂ ಹೀಗೇ. ನಮ್ಮ ನಂಬಿಕೆಗೆ ಹೌದು ಅನ್ನುವವರ ಹತ್ತಿರವೇ ಹೋಗಿ ಕೇಳುತ್ತೇವೆ, ಹೌದು ಅನ್ನುವುದನ್ನೇ ಓದುತ್ತೇವೆ.

ಅದಕ್ಕೆ ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ತಪ್ಪಾಗಿದ್ದರೆ ನನಗೆ ಗೊತ್ತಾಗುತ್ತಿದ್ದುದು ಹೇಗೆ? "ಗೊತ್ತಾಗಲು ದಾರಿಯೇ ಇಲ್ಲ" ಅನ್ನುವ ಉತ್ತರ ಬಂದರೆ ಅಲ್ಲಿ ಸ್ವಲ್ಪ ನಿಲ್ಲಿ. ಚಾರ್ಲ್ಸ್ ಡಾರ್ವಿನ್ ತಮ್ಮ ವಿಚಾರಕ್ಕೆ ವಿರುದ್ಧವಾದ ಸಂಗತಿ ಕಣ್ಣಿಗೆ ಬಿದ್ದರೆ ತಕ್ಷಣ ಬರೆದಿಡುತ್ತಿದ್ದರು. ಅನುಕೂಲವಾದದ್ದಕ್ಕಿಂತ ಇಂಥವೇ ಬೇಗ ಮರೆತುಹೋಗುತ್ತವೆ ಅಂತ ಅವರಿಗೆ ಅನುಭವದಿಂದ ಗೊತ್ತಾಗಿತ್ತು. ಅಂಥ ದೊಡ್ಡ ಮನುಷ್ಯರಿಗೇ ತಮ್ಮ ನೆನಪಿನ ಮೇಲೆ ಅಷ್ಟು ಅನುಮಾನ ಇತ್ತು ಅಂದಮೇಲೆ ನಿಮ್ಮದು ಅಹಂಕಾರ ಹೇಗಾಗುತ್ತದೆ? ನನಗೆಲ್ಲ ಗೊತ್ತು ಅನ್ನುವುದಕ್ಕಲ್ಲವೇ ಆ ಹೆಸರು ಇರುವುದು.

ಒಂದು ಮಾತು. ದೇವರು, ಸಮಾಜ, ರಾಜಕೀಯ ಇವುಗಳನ್ನು ಪ್ರಶ್ನೆ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. "ನಾನು ಯಾವುದಕ್ಕೂ ಲಾಯಕ್ಕಿಲ್ಲ", "ನಾಲ್ಕು ಜನ ಮೆಚ್ಚದಿದ್ದರೆ ಬದುಕೇ ದಂಡ" ಅನ್ನುವಂಥ ನಂಬಿಕೆಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ನಂಬಿಕೆ ಅಂತ ಅನಿಸುವುದೇ ಇಲ್ಲವಲ್ಲ, ನಿಜ ಅಂತಲೇ ಅನಿಸಿರುತ್ತದೆ. ನೀವು ಅಲ್ಲಿಂದ ಶುರು ಮಾಡಿ ಅಂತ ನನ್ನ ಸಲಹೆ. ಮನೆಯವರ ಜೊತೆ ಜಗಳವೂ ಆಗುವುದಿಲ್ಲ, ಹಗುರಾಗುವುದೂ ಇಲ್ಲೇ ಜಾಸ್ತಿ.

ಪ್ರಶ್ನೆ: ಹೀಗೆ ಎಲ್ಲವನ್ನೂ ಪ್ರಶ್ನೆ ಮಾಡುತ್ತಾ ಹೋದರೆ ತಲೆ ಕೆಡಲ್ವಾ? ನನಗೆ ಬಾಗಿಲು ಹಾಕಿದೆನಾ ಅನ್ನುವುದರಿಂದ ಹಿಡಿದು ಯಾರಿಗಾದರೂ ಕೆಡುಕು ಮಾಡಿಬಿಟ್ಟೆನಾ ಅನ್ನುವವರೆಗೆ ಅನುಮಾನ. ನಿಲ್ಲುವುದೇ ಇಲ್ಲ.
(ಹೆಸರು ಬೇಡ)

ಉತ್ತರ: ನಿಮ್ಮದು ಬೇರೆ ಥರದ್ದು ಅಂತ ಅನಿಸುತ್ತದೆ. ಮೇಲಿನ ಸಲಹೆಗಳನ್ನು ದಯವಿಟ್ಟು ನಿಮಗೆ ಅಂತ ಓದಿಕೊಳ್ಳಬೇಡಿ. ಪ್ರಶ್ನೆ ಮಾಡಿ, ಉತ್ತರ ಸಿಗದಿದ್ದರೂ ಮುಂದೆ ಹೋಗುವುದು ಒಂದು. ಉತ್ತರ ಸಿಕ್ಕರೂ ಸಾಲದೆ ಮತ್ತೆ ಮತ್ತೆ ಪರೀಕ್ಷಿಸಲೇಬೇಕು ಅನಿಸುವುದು ಇನ್ನೊಂದು. ಈ ಎರಡನೆಯದು ಗೀಳು ಕಾಯಿಲೆ, ಅಂದರೆ ಒಸಿಡಿ ಆಗಿರಬಹುದು. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ವೈದ್ಯರು ಇದನ್ನು ಅನುಮಾನದ ಹುಚ್ಚು ಅಂತಲೇ ಕರೆಯುತ್ತಿದ್ದರು. ಹೆಸರು ಒರಟು, ಕಾಯಿಲೆ ಮಾತ್ರ ವಾಸಿಗೆ ಬಗ್ಗದ್ದೇನಲ್ಲ. ಇದಕ್ಕೆ ಮಾತ್ರೆಗಳಿವೆ. ಅನುಮಾನ ಬಂದರೂ ಹಿಂದಿರುಗಿ ನೋಡದೆ ಇರುವುದನ್ನು ಹಂತ ಹಂತವಾಗಿ ರೂಢಿ ಮಾಡಿಸುವ ಚಿಕಿತ್ಸೆಯೂ ಇದೆ, ತುಂಬ ಜನರಿಗೆ ಅದರಿಂದ ಗುಣ ಸಿಕ್ಕಿದೆ. ಒಬ್ಬ ಮನೋವೈದ್ಯರನ್ನು ನೋಡಿ. ದಿನಕ್ಕೆ ಎಷ್ಟು ಹೊತ್ತು ಇದರಲ್ಲೇ ಕಳೆಯುತ್ತದೆ, ಇದಕ್ಕಾಗಿ ಏನೇನು ಮಾಡುವುದನ್ನು ಬಿಟ್ಟಿದ್ದೀರಿ ಅನ್ನುವುದನ್ನು ಅವರಿಗೆ ತಪ್ಪದೆ ಹೇಳಿ. ನಾಚಿಕೆಯಿಂದ ಬಾಯಿಗೆ ಬರದ ಯೋಚನೆಗಳಿದ್ದರೆ ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೂ ಆಯಿತು, ಅಂಥವನ್ನು ಅವರು ದಿನಾ ಕೇಳುತ್ತಿರುತ್ತಾರೆ.